ರಿಫಾರ್ಮರ್ ಕುಲುಮೆಯಲ್ಲಿ ಉಷ್ಣದ ಸಮ ಹಂಚಿಕೆ

ನೈಸರ್ಗಿಕ ಅನಿಲವನ್ನೋ ನಾಫ್ತಾವನ್ನೋ ನೀರಿನ ಹಬೆಯ ಜೊತೆ ಬೆರೆಸಿ, ನಿಕಲ್ ವೇಗವರ್ಧಕ ತುಂಬಿದ ಲೋಹದ ಕೊಳವೆಗಳಲ್ಲಿ ಹಾಯಿಸುತ್ತ, ಕೊಳವೆಗಳ ಸುತ್ತ ಬೆಂಕಿ ಉರಿಸಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡುಗಳ ಮಿಶ್ರಣ ಪಡೆಯುವ ಕುಲುಮೆಗೆ ರಿಫಾರ್ಮರ್ ಎಂದು ಹೆಸರು. ಯೂರಿಯಾ ಗೊಬ್ಬರಕ್ಕೆ ಬೇಕಾದ ಅಮೋನಿಯಾ, ಮೆಥನಾಲ್, ತೈಲ ಶುದ್ಧೀಕರಣಾಗಾರದಲ್ಲಿ ಡೀಸೆಲ್‌ನ ಗಂಧಕ ತೆಗೆಯಲು ಬೇಕಾದ ಹೈಡ್ರೋಜನ್ ಇವೆಲ್ಲ ಹೆಚ್ಚಿನ ದೇಶಗಳಲ್ಲಿ ಹುಟ್ಟುವುದು ಇಲ್ಲಿಯೇ. ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯ ಸಂಶೋಧಕರು ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಈ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. 1930ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಅದನ್ನು ಕಾರ್ಖಾನೆಗೆ ತಂದಿತು. 1936ರಲ್ಲಿ ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿಯೂ ಅದನ್ನು ಶುರುಮಾಡಿತು. 1960ರ ದಶಕದ ಆರಂಭಕ್ಕೆ ಅದೇ ಕಂಪನಿ ನಾಫ್ತಾವನ್ನು ಹೆಚ್ಚಿನ ಒತ್ತಡದಲ್ಲಿ ರಿಫಾರ್ಮ್ ಮಾಡುವ ಕುಲುಮೆಯನ್ನೂ ನಡೆಸಿ ತೋರಿಸಿತು. ಕೊಳವೆಯೊಳಗಿನ ರಸಾಯನ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಕಾವನ್ನು ನೂರಾರು ಕೊಳವೆಗಳಿಗೆ ಹಂಚುವ ಕಷ್ಟ ಮಾತ್ರ ಕುಲುಮೆ ದೊಡ್ಡದಾದಷ್ಟೂ ಬೆಳೆಯುತ್ತ ಬಂದಿದೆ. ಈ ಕಷ್ಟವನ್ನು ಬೆಂಕಿಯ ಸಮಸ್ಯೆ ಎಂದು ನೋಡುವ ವಾಡಿಕೆ ಇದೆ. ಸಮ ಹಂಚಿಕೆ ಎಂದರೆ ಎಲ್ಲ ಕಡೆ ಒಂದೇ ಪ್ರಮಾಣದ ಕಾವು ಎಂದು ಹಿಡಿದರೆ ಆ ನೋಟ ಸರಿಯೇ. ಆದರೆ ಕುಲುಮೆಗೆ ಬೇಕಾದದ್ದು ಅದಲ್ಲ. ಪ್ರತಿ ಕೊಳವೆಗೆ ಅದರೊಳಗೆ ಹರಿಯುವ ಅನಿಲಕ್ಕೆ ತಕ್ಕಷ್ಟು, ಕೊಳವೆಯ ಪ್ರತಿ ಮಟ್ಟದಲ್ಲಿ ಅಲ್ಲಿನ ರಾಸಾಯನಿಕ ಕ್ರಿಯೆ ಹೀರಿಕೊಳ್ಳುವಷ್ಟು ಕಾವು ಸಿಗಬೇಕು. ಹಾಗಾಗಿ ಕೆಲಸದ ಅರ್ಧ ಬರ್ನರ್‌ಗಳ ಕಡೆ ಇದ್ದರೆ ಉಳಿದರ್ಧ ಕೊಳವೆಯೊಳಗೇ ಇದೆ.

ಒಂದು ಮೋಲ್ ಮೀಥೇನ್ ಹಬೆಯೊಂದಿಗೆ ವರ್ತಿಸಿ ಒಂದು ಮೋಲ್ ಕಾರ್ಬನ್ ಮಾನಾಕ್ಸೈಡ್, ಮೂರು ಮೋಲ್ ಹೈಡ್ರೋಜನ್ ಆಗಲು 206 ಕಿಲೋಜೌಲ್ ಶಾಖ ಬೇಕು. ಅದೇ ಒಂದು ಮೋಲ್ ಮೀಥೇನ್ ಉರಿದರೆ ಸಿಗುವುದು ಸುಮಾರು 802 ಕಿಲೋಜೌಲ್. ಲೆಕ್ಕದಲ್ಲಿ ಶಾಖಕ್ಕೆ ಬರವಿಲ್ಲ; ಆದರೆ ಉರಿದ ಶಾಖದ ಅರ್ಧದಷ್ಟು ಮಾತ್ರ ಕೊಳವೆಗಳಿಗೆ ಇಳಿಯುತ್ತದೆ. ಉಳಿದದ್ದು ಹೊಗೆಯನಿಲದ ಜೊತೆ ಹೊರಟು, ದಾರಿಯಲ್ಲಿ ಹಬೆ ಮಾಡಲು, ಕಚ್ಚಾ ಅನಿಲವನ್ನೂ ಗಾಳಿಯನ್ನೂ ಕಾಯಿಸಲು ಬಳಕೆಯಾಗುತ್ತದೆ. ಆ ಅರ್ಧ ಶಾಖ ದಾಟಬೇಕಾದದ್ದು 10ರಿಂದ 20 ಮಿಲಿಮೀಟರ್ ದಪ್ಪದ ಲೋಹದ ಗೋಡೆಯನ್ನು. ಕೊಳವೆ 10ರಿಂದ 14 ಮೀಟರ್ ಉದ್ದ, ಒಳಗೆ ಒಂದು ಅಂಗೈ ಅಗಲಕ್ಕಿಂತ ತುಸು ಹೆಚ್ಚು. ಒಳಗಿನ ಒತ್ತಡ 20ರಿಂದ 35 ಬಾರ್. ಅನಿಲ 450ರಿಂದ 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬಂದು, 800ರಿಂದ 900 ಡಿಗ್ರಿಯ ಆಸುಪಾಸಿನಲ್ಲಿ ಹೊರಬೀಳುತ್ತದೆ. ಕೊಳವೆಯ ಹೊರಮೈ ಅದಕ್ಕಿಂತಲೂ ಬಿಸಿ. ಇಂಥ ಕಾವಿನಲ್ಲಿ ಒಳಗಿನ ಒತ್ತಡಕ್ಕೆ ಲೋಹ ವರ್ಷಗಟ್ಟಲೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ತಿರುಗುವ ಅಚ್ಚಿನಲ್ಲಿ ಎರಕ ಹೊಯ್ದ ಈ ಕೊಳವೆಗಳನ್ನು ಸಾಮಾನ್ಯವಾಗಿ ಒಂದು ಲಕ್ಷ ಗಂಟೆ, ಅಂದರೆ ಹನ್ನೊಂದು ವರ್ಷ ಚಿಲ್ಲರೆ ಬಾಳುವಂತೆ ವಿನ್ಯಾಸ ಮಾಡುತ್ತಾರೆ. ಗೋಡೆಯ ಉಷ್ಣತೆ ವಿನ್ಯಾಸದ ಮಿತಿಗಿಂತ 20 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಕ್ಷೇತ್ರದಲ್ಲಿ ಎಲ್ಲರೂ ಬಾಯಲ್ಲಿಟ್ಟುಕೊಂಡಿರುವ ಸೂತ್ರ.

ಈ ಸೂತ್ರವೇ ಸರಾಸರಿಯನ್ನು ನಂಬುವ ಅಭ್ಯಾಸಕ್ಕೆ ಮೊದಲ ಪೆಟ್ಟು. ಕುಲುಮೆಯ ಅರ್ಧ ಕೊಳವೆಗಳು ಬೇಕಾದದ್ದಕ್ಕಿಂತ 30 ಡಿಗ್ರಿ ಹೆಚ್ಚು, ಇನ್ನರ್ಧ 30 ಡಿಗ್ರಿ ಕಡಿಮೆ ಇವೆ ಎಂದಿಟ್ಟುಕೊಳ್ಳಿ. ಎಲ್ಲ ಕೊಳವೆಗಳ ಅನಿಲ ಕೂಡುವ ಹೆಡರ್‌ನಲ್ಲಿ ಇಟ್ಟ ಉಷ್ಣಮಾಪಕ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ನಿಯಂತ್ರಣ ಕೊಠಡಿಯಲ್ಲಿ ಯಾರಿಗೂ ಕಳವಳವಿರುವುದಿಲ್ಲ. ಆದರೆ ಬಿಸಿ ಕೊಳವೆಗಳ ಆಯಸ್ಸು ಸೂತ್ರದ ಪ್ರಕಾರ ಮೂರನೇ ಒಂದರಷ್ಟಕ್ಕೆ ಇಳಿದಿರುತ್ತದೆ. ತಣ್ಣನೆಯ ಕೊಳವೆಗಳು ನೂರು ವರ್ಷ ಬಾಳಿದರೂ ಆ ನಷ್ಟ ತುಂಬದು, ಏಕೆಂದರೆ ಕುಲುಮೆ ನಿಲ್ಲುವುದು ಮೊದಲು ಸೀಳುವ ಕೊಳವೆಯಿಂದ. ಅತ್ತ ತಣ್ಣನೆಯ ಕೊಳವೆಗಳಿಂದ ವರ್ತಿಸದೆ ಉಳಿದ ಮೀಥೇನ್ ಹೆಚ್ಚು ಹೊರಬರುತ್ತದೆ. ಬಿಸಿ ಕೊಳವೆಗಳು ಉಳಿಸಿದ್ದು ಅದನ್ನು ಪೂರ್ತಿ ಸರಿದೂಗಿಸುವುದಿಲ್ಲ. ಉಷ್ಣತೆ ಏರಿದಂತೆ ಉಳಿಕೆ ಮೀಥೇನ್ ಇಳಿಯುವ ಗೆರೆ ನೇರವಲ್ಲ, ಬಾಗಿದೆ. ಆದ್ದರಿಂದ ಏರುಪೇರಿನ ಕುಲುಮೆ ಅದೇ ಸರಾಸರಿಯ ಸಮ ಕುಲುಮೆಗಿಂತ ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಬೆಂಕಿಯಿಂದ ಕೊಳವೆಗೆ ಶಾಖ ಸಾಗುವುದು ಬಹುಪಾಲು ವಿಕಿರಣದ ಮೂಲಕ. ವಿಕಿರಣ ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಿಸಿಯಾದ ಕೊಳವೆ ತಾನೂ ಹೆಚ್ಚು ವಿಕಿರಣ ಹೊರಸೂಸುತ್ತದಲ್ಲ, ಹಾಗಾಗಿ ಕಡಿಮೆ ಶಾಖ ಪಡೆಯುತ್ತದೆ, ಕುಲುಮೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದಿಲ್ಲವೇ? ಲೆಕ್ಕ ಹಾಕಿ ನೋಡಬಹುದು. ಸುತ್ತಲಿನ ಅನಿಲ 1100 ಡಿಗ್ರಿ, ಕೊಳವೆ 900 ಡಿಗ್ರಿ ಇದ್ದಾಗ ಹರಿಯುವ ಶಾಖಕ್ಕೆ ಹೋಲಿಸಿದರೆ, ಕೊಳವೆ 930 ಡಿಗ್ರಿಗೆ ಏರಿದಾಗ ಹರಿವು ಸುಮಾರು 12 ಶೇಕಡ ಕುಗ್ಗುತ್ತದೆ. ತಡೆ ಇದೆ, ನಿಜ. ಆದರೆ ಕೊಳವೆ 900ರಲ್ಲೇ ಇದ್ದು ಪಕ್ಕದ ಅನಿಲ ಬರೇ 50 ಡಿಗ್ರಿ ಹೆಚ್ಚಾದರೆ ಶಾಖದ ಹರಿವು ಮೂರನೇ ಒಂದರಷ್ಟು ಏರುತ್ತದೆ. ಕುಲುಮೆಯೊಳಗೆ ಜಾಗದಿಂದ ಜಾಗಕ್ಕೆ ಐವತ್ತು ಡಿಗ್ರಿ ವ್ಯತ್ಯಾಸ ದೊಡ್ಡ ಸಂಗತಿಯೇ ಅಲ್ಲ. ವಿಕಿರಣದ ಈ ಸ್ವಯಂ ತಡೆ ಏರುಪೇರನ್ನು ಮೊಂಡಾಗಿಸುತ್ತದೆ, ಅಳಿಸುವುದಿಲ್ಲ. ಒಂದೇ ಕೊಳವೆಯ ಸುತ್ತಳತೆಯಲ್ಲೂ ಇದೇ ಕಥೆ. ಗೋಡೆಗೆ ಒತ್ತಿ ನಿಲ್ಲಿಸಿ ಒಂದೇ ಕಡೆಯಿಂದ ಉರಿ ಕೊಟ್ಟ ಕೊಳವೆಯ ಮುಂಭಾಗಕ್ಕೆ ಸರಾಸರಿಯ ಸುಮಾರು 1.8 ಪಟ್ಟು ಶಾಖ ಬೀಳುತ್ತದೆ. ಎರಡೂ ಕಡೆಯಿಂದ ಉರಿ ಕೊಟ್ಟು, ಕೊಳವೆಗಳ ನಡುವೆ ಸಾಕಷ್ಟು ಅಂತರ ಬಿಟ್ಟರೆ ಅದು 1.2 ಪಟ್ಟಿಗೆ ಇಳಿಯುತ್ತದೆ. ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಬಹುದು, ಎರಡೂ ತುದಿಯಲ್ಲಿ ಬೆಸುಗೆಯಾದ ಹನ್ನೆರಡು ಮೀಟರ್ ಕೊಳವೆಯನ್ನು ಹಾಗೆ ಮಾಡಲಾಗದು. ಆಧುನಿಕ ರಿಫಾರ್ಮರ್‌ಗಳಲ್ಲಿ ಕೊಳವೆ ಸಾಲಿನ ಎರಡೂ ಬದಿಗೆ ಬೆಂಕಿ ಇರಲು ಕಾರಣ ಇಷ್ಟೇ.

ಬರ್ನರ್‌ಗಳನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ವಿನ್ಯಾಸಕಾರರು ಕವಲೊಡೆದಿದ್ದಾರೆ. ಮೇಲಿನಿಂದ ಉರಿಸುವ ಕುಲುಮೆಯಲ್ಲಿ ಚಾವಣಿಯಿಂದ ಜ್ವಾಲೆ ಕೆಳಮುಖವಾಗಿ ಇಳಿಯುತ್ತದೆ, ಕೊಳವೆಯೊಳಗಿನ ಅನಿಲವೂ ಮೇಲಿನಿಂದಲೇ ಇಳಿಯುತ್ತದೆ. ಅನಿಲ ತಣ್ಣಗಿರುವ, ಶಾಖಕ್ಕೆ ಅತಿ ಹೆಚ್ಚು ಹಸಿದಿರುವ ಮೇಲ್ಭಾಗದಲ್ಲೇ ಉರಿಯೂ ಜೋರಾಗಿರುವುದು ಇದರ ಜಾಣತನ. ಡೆನ್ಮಾರ್ಕಿನ ಟಾಪ್ಸೋ ಕಂಪನಿ ನೆಚ್ಚಿಕೊಂಡ ಪಕ್ಕದಿಂದ ಉರಿಸುವ ವಿನ್ಯಾಸದಲ್ಲಿ ಗೋಡೆಯ ಉದ್ದಗಲಕ್ಕೂ ಹಲವು ಮಟ್ಟಗಳಲ್ಲಿ ಸಣ್ಣ ಬರ್ನರ್‌ಗಳಿರುತ್ತವೆ; ಯಾವ ಮಟ್ಟದಲ್ಲಿ ಎಷ್ಟು ಕಾವು ಎಂಬುದನ್ನು ಬೇಕಾದಂತೆ ತಿದ್ದಬಹುದು. ಫಾಸ್ಟರ್ ವೀಲರ್ ಬಳಕೆಗೆ ತಂದ ಮೆಟ್ಟಿಲು ಗೋಡೆಯ ಮಾದರಿ ಇನ್ನೊಂದು ಬಗೆ. ಹಾಗಾದರೆ ಪಕ್ಕದ ಬರ್ನರ್‌ಗಳೇ ಸಮ ಹಂಚಿಕೆಗೆ ಉತ್ತರವಲ್ಲವೇ? ಉದ್ದದ ಹಂಚಿಕೆಯ ಮಟ್ಟಿಗೆ ಹೌದು ಎನ್ನಬೇಕು. ಆದರೆ ತಿದ್ದುವ ಅವಕಾಶ ಎಂದರೆ ತಪ್ಪುವ ಅವಕಾಶವೂ ಹೌದು. ನೂರಾರು ಬರ್ನರ್‌ಗಳಲ್ಲಿ ಪ್ರತಿಯೊಂದಕ್ಕೂ ಇಂಧನದ ಕವಾಟ, ಗಾಳಿಯ ಬಾಗಿಲು ಇದ್ದು ಅವೆಲ್ಲವನ್ನೂ ಯಾರಾದರೂ ನೋಡಿಕೊಳ್ಳಬೇಕು. ಕೊಳವೆಯ ಅತಿ ಬಿಸಿ ಜಾಗ ಕೆಳತುದಿಯಲ್ಲೇ ಬರುವುದು ಈ ಮಾದರಿಗೆ ತಪ್ಪದ ಬೆಲೆ. ಕೆಳಗಿನಿಂದ ಉರಿಸುವ ಹಳೆಯ ಮಾದರಿ ಈಗ ದೊಡ್ಡ ಸ್ಥಾವರಗಳಲ್ಲಿ ಅಪರೂಪ.

ಮೇಲಿನಿಂದ ಉರಿಸುವ ದೊಡ್ಡ ಕುಲುಮೆಯ ಒಳಗನ್ನು ಹತ್ತಿರದಿಂದ ನೋಡಲು ಒಂದು ಒಳ್ಳೆಯ ಉದಾಹರಣೆ ಪ್ರಕಟಿತ ಸಂಶೋಧನೆಯಲ್ಲಿದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2010ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಹೈಡ್ರೋಜನ್ ಕುಲುಮೆಯೊಂದರ ಗಣಕ ಮಾದರಿ ಕಟ್ಟಿತು. ಅದರಲ್ಲಿ 48ರಂತೆ ಏಳು ಸಾಲುಗಳಲ್ಲಿ 336 ಕೊಳವೆಗಳು. ಅವುಗಳ ನಡುವೆ ಮತ್ತು ಎರಡೂ ಅಂಚಿನಲ್ಲಿ 12ರಂತೆ ಎಂಟು ಸಾಲುಗಳಲ್ಲಿ 96 ಬರ್ನರ್‌ಗಳು. ನೆಲದ ಮೇಲೆ ಹೊಗೆಯನಿಲ ಹೊರಹೋಗಲು ಎಂಟು ಸುರಂಗಗಳು. ನಡುವಿನ ಬರ್ನರ್ ಸಾಲು ಎರಡು ಕೊಳವೆ ಸಾಲುಗಳಿಗೆ ಕಾವು ಕೊಟ್ಟರೆ ಅಂಚಿನ ಸಾಲು ಒಂದಕ್ಕೆ ಮಾತ್ರ. ಆದ್ದರಿಂದ ಅಂಚಿನ ಬರ್ನರ್‌ಗಳಿಗೆ ಇಂಧನ ಕಡಿಮೆ ಬಿಡಬೇಕು. ಎಲ್ಲ 96ಕ್ಕೂ ಒಂದೇ ಅಳತೆಯಲ್ಲಿ ಹಂಚಿದರೆ, ಆ 'ಸಮಾನತೆ'ಯೇ ಅಂಚಿನ ಕೊಳವೆಗಳನ್ನು ಸುಡುತ್ತದೆ. ಸಮ ಹಂಚಿಕೆ ಬೇರೆ, ಸಮ ಇಂಧನ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ. ಇಷ್ಟು ಮಾಡಿದರೂ ಜ್ವಾಲೆಗಳು ನೆಟ್ಟಗೆ ಇಳಿಯುತ್ತವೆ ಎಂಬ ಭರವಸೆಯಿಲ್ಲ. ರಭಸದಿಂದ ಇಳಿಯುವ ಪ್ರತಿ ಜ್ವಾಲೆ ಸುತ್ತಲ ಅನಿಲವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಕ್ಕಪಕ್ಕದ ಜ್ವಾಲೆಗಳು ಪರಸ್ಪರ ವಾಲಿ ಒಂದಾಗಿ, ಯಾವುದೋ ಕೊಳವೆಯನ್ನು ನೆಕ್ಕುತ್ತವೆ. ಸುರಂಗದ ಪಾತ್ರವೂ ಸಣ್ಣದಲ್ಲ. ಅದರ ಇಟ್ಟಿಗೆ ಗೋಡೆಯಲ್ಲಿ ಬಿಟ್ಟ ಕಿಂಡಿಗಳ ಪೈಕಿ ಹೊರದಾರಿಗೆ ಹತ್ತಿರದವು ಹೆಚ್ಚು ಎಳೆಯುತ್ತವೆ, ದೂರದವು ಕಡಿಮೆ. ಕಿಂಡಿಗಳ ವಿಸ್ತೀರ್ಣವನ್ನು ಉದ್ದಕ್ಕೂ ಬದಲಿಸಿ ಇದನ್ನು ಸರಿದೂಗಿಸಬೇಕಾಗುತ್ತದೆ. ಸುರಂಗದ ನಾಲ್ಕು ಇಟ್ಟಿಗೆ ಕುಸಿದರೆ ಬರ್ನರ್‌ನಲ್ಲಿ ಏನೂ ತಪ್ಪಿಲ್ಲದೆಯೂ ಕುಲುಮೆಯ ಒಂದು ಮೂಲೆ ಕಾಯುತ್ತದೆ.

ಇನ್ನು ಕೊಳವೆಯ ಒಳಗೆ. ಒಂದೇ ಹೆಡರ್‌ನಿಂದ ಹೊರಟು ಇನ್ನೊಂದೇ ಹೆಡರ್ ಸೇರುವ ನೂರಾರು ಸಮಾಂತರ ದಾರಿಗಳಲ್ಲಿ ಅನಿಲ ಅಡ್ಡಿ ಕಡಿಮೆ ಇರುವತ್ತ ಹೆಚ್ಚು ಹರಿಯುತ್ತದೆ. ಒಂದು ಕೊಳವೆಯ ಅಡ್ಡಿ ಹತ್ತು ಶೇಕಡ ಹೆಚ್ಚಿದ್ದರೆ ಅದರ ಪಾಲಿನ ಹರಿವು ಸುಮಾರು ಐದು ಶೇಕಡ ಇಳಿಯುತ್ತದೆ. ಹರಿವು ಇಳಿದರೆ ಶಾಖ ಹೀರುವ ಕ್ರಿಯೆಯೂ ಇಳಿದು ಕೊಳವೆ ಕಾಯುತ್ತದೆ. ಕಾದ ಅನಿಲ ಹಿಗ್ಗಿ ಅಡ್ಡಿ ಮತ್ತಷ್ಟು ಏರುತ್ತದೆ. ಬೆಂಕಿಯ ಕಡೆ ಅಲ್ಪಸ್ವಲ್ಪ ಸ್ವಯಂ ತಡೆಯಾದರೂ ಇತ್ತು. ಇಲ್ಲಿ ತಪ್ಪು ತನಗೆ ತಾನೇ ಬಡ್ಡಿ ಕಟ್ಟಿಕೊಳ್ಳುತ್ತದೆ. ವೇಗವರ್ಧಕ ತುಂಬುವ ದಿನವೇ ಕುಲುಮೆಯ ಮುಂದಿನ ಕೆಲವು ವರ್ಷಗಳ ಸಮತೋಲ ತೀರ್ಮಾನವಾಗುವುದು ಇದೇ ಕಾರಣಕ್ಕೆ. ಹಳೆಯ ಪದ್ಧತಿಯಲ್ಲಿ ಗುಳಿಗೆಗಳನ್ನು ಉದ್ದನೆಯ ಬಟ್ಟೆಯ ಚೀಲಗಳಲ್ಲಿ ಇಳಿಸಿ, ತಳ ಮುಟ್ಟಿದ ಮೇಲೆ ಬಾಯಿ ಬಿಚ್ಚುತ್ತಾರೆ. ಗುಳಿಗೆಗಳು ಕಮಾನುಕಟ್ಟಿ ನಡುವೆ ಟೊಳ್ಳು ಉಳಿದರೆ ಕೊಳವೆಯನ್ನು ತಟ್ಟಿ ಕೂರಿಸುತ್ತಾರೆ, ಕೊನೆಗೆ ಪ್ರತಿ ಕೊಳವೆಗೂ ಗಾಳಿ ಹಾಯಿಸಿ ಒತ್ತಡದ ಇಳಿತ ಅಳೆಯುತ್ತಾರೆ. ಸರಾಸರಿಗಿಂತ ಕೆಲವೇ ಶೇಕಡ ಆಚೀಚೆ ಇದ್ದರೂ ಮತ್ತೆ ಖಾಲಿ ಮಾಡಿ ತುಂಬುವುದು ರೂಢಿ. ನಾರ್ವೆಯ ನಾರ್ಸ್ಕ್ ಹೈಡ್ರೋ ಸಂಸ್ಥೆ ರೂಪಿಸಿದ ಯೂನಿಡೆನ್ಸ್ ವಿಧಾನದಲ್ಲಿ ಚೀಲವಿಲ್ಲ. ಕುಂಚದಂಥ ಎಳೆಗಳುಳ್ಳ ಹಗ್ಗವೊಂದು ಬೀಳುವ ಗುಳಿಗೆಗಳ ವೇಗ ತಗ್ಗಿಸುತ್ತದೆ, ಅವು ಒಂದೊಂದಾಗಿ ಕೂತು ಟೊಳ್ಳು ಬಿಡುವುದಿಲ್ಲ. ನೋಡಿದರೆ ಬಾಟಲಿ ತೊಳೆಯುವ ಬ್ರಷ್‌ನ ಅಣ್ಣನಂತಿರುವ ಈ ಸಾಧನ ಎಷ್ಟೋ ದುಬಾರಿ ಬರ್ನರ್‌ಗಿಂತ ಹೆಚ್ಚು ಸಮತೋಲ ತಂದಿದೆ ಎನ್ನಲು ಅಡ್ಡಿಯಿಲ್ಲ.

ಒಳಗಿನ ದೋಷ ಹೊರಗೆ ಬಣ್ಣವಾಗಿ ಕಾಣಿಸಿಕೊಳ್ಳುತ್ತದೆ. ಕುಲುಮೆಯ ಗೋಡೆಯಲ್ಲಿನ ನೋಟಕಿಂಡಿಯ ಮುಚ್ಚಳ ಸರಿಸಿದರೆ ಪ್ರಜ್ವಲಿಸುವ ಇಟ್ಟಿಗೆಯ ಹಿನ್ನೆಲೆಯಲ್ಲಿ ಕೊಳವೆಗಳು ಕೆಂಪುಗಪ್ಪಾಗಿ, ಸಾಲಾಗಿ ನಿಂತಿರುತ್ತವೆ. ಒಂದು ಕೊಳವೆ ಮೇಲಿನಿಂದ ಕೆಳಗಿನವರೆಗೆ ನೆರೆಯದಕ್ಕಿಂತ ಹೊಳೆಯುತ್ತಿದ್ದರೆ ಅದಕ್ಕೆ ಅನಿಲ ಸಾಲುತ್ತಿಲ್ಲ ಎಂದರ್ಥ. ಅಲ್ಲಲ್ಲಿ ಮಚ್ಚೆ ಎದ್ದಿದ್ದರೆ ವೇಗವರ್ಧಕದ ನಡುವೆ ಟೊಳ್ಳಿದೆ. ಮೇಲಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಪಟ್ಟಿಯಂತೆ ಹೊಳಪು ಕಂಡರೆ ಅಲ್ಲಿ ಇಂಗಾಲ ಕಟ್ಟಿದೆ, ಇಲ್ಲವೇ ಗಂಧಕ ತಾಗಿ ನಿಕಲ್ ಸುಸ್ತಾಗಿದೆ. ಜಿರಾಫೆಯ ಕತ್ತು, ಹುಲಿಯ ಬಾಲ ಎಂದು ಕೆಲಸಗಾರರು ಈ ಚಿತ್ತಾರಗಳಿಗೆ ಇಟ್ಟ ಹೆಸರುಗಳು ಜಗತ್ತಿನಾದ್ಯಂತ ಕೈಪಿಡಿಗಳನ್ನೂ ಸೇರಿವೆ. ಇಂಗಾಲದ ಪಟ್ಟಿಗೆ ಬರ್ನರ್ ತಗ್ಗಿಸಿ ಪ್ರಯೋಜನವಿಲ್ಲ. ಹಬೆಯ ಪ್ರಮಾಣ ಏರಿಸಬೇಕು, ಮುಂದಿನ ಸಲ ತುಂಬುವಾಗ ಆ ಭಾಗಕ್ಕೆ ಪೊಟ್ಯಾಶ್ ಬೆರೆತ ವೇಗವರ್ಧಕ ಹಾಕಬೇಕು. ಬೆಂಕಿಯನ್ನಷ್ಟೇ ನೋಡುವವರು ಎಡವುವುದು ಇಲ್ಲಿ.

ಬರಿಗಣ್ಣು ಹೋಲಿಕೆಗೆ ಸಾಕು, ಅಂಕಿಗೆ ಸಾಲದು. ಅದಕ್ಕೆ ಅವಕೆಂಪು ಪೈರೋಮೀಟರ್ ಹಿಡಿಯುತ್ತಾರೆ. ಅದಕ್ಕೂ ಒಂದು ಮೋಸವಿದೆ: ಕೊಳವೆ ತಾನು ಸೂಸುವ ಬೆಳಕಿನ ಜೊತೆಗೆ ಎದುರಿನ ಗೋಡೆಯ ಬೆಳಕನ್ನೂ ಪ್ರತಿಫಲಿಸುತ್ತದೆ. ಕೊಳವೆಯ ಹೊರಸೂಸುವಿಕೆ 0.85, ಅದರ ನಿಜ ಉಷ್ಣತೆ 880, ಗೋಡೆ 1000 ಡಿಗ್ರಿ ಎಂದು ಹಿಡಿದು, ಒಂದು ಮೈಕ್ರಾನ್ ತರಂಗದೂರದಲ್ಲಿ ಲೆಕ್ಕ ಹಾಕಿದರೆ, ತಿದ್ದುಪಡಿ ಮಾಡದ ಪೈರೋಮೀಟರ್ ಸುಮಾರು 907 ತೋರಿಸುತ್ತದೆ. ಹೆಚ್ಚು ತೋರಿಸಿದರೆ ಎಚ್ಚರ ಹೆಚ್ಚುತ್ತದೆ, ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ತೊಂದರೆ 27 ಡಿಗ್ರಿಯದಲ್ಲ. ಆ ತಪ್ಪು ಪ್ರತಿ ಕೊಳವೆಗೂ ಬೇರೆ ಬೇರೆ ಆಗಿರುವುದು. ಬಿಸಿ ಗೋಡೆಯೆದುರಿನ ಕೊಳವೆಗೆ ಹೆಚ್ಚು, ಮೂಲೆಯದಕ್ಕೆ ಕಡಿಮೆ. ಹೀಗೆ ಬರೆದಿಟ್ಟ ನಕ್ಷೆಯನ್ನು ನಂಬಿ ಬರ್ನರ್ ತಿದ್ದಿದರೆ ಸರಿಯಿದ್ದದ್ದನ್ನೂ ಕೆಡಿಸಿದಂತೆ. ಕೊಳವೆಗೆ ತಾಗಿಸಿ, ಸುತ್ತಲ ಬೆಳಕನ್ನು ತಡೆದು ಅಳೆಯುವ ಚಿನ್ನದ ಲೇಪದ ಬಟ್ಟಲಿನ ಪೈರೋಮೀಟರ್ ಈ ತಪ್ಪನ್ನು ನೀಗುತ್ತದೆ. ಆದರೆ ನೀರಿನಿಂದ ತಂಪಾಗಿಸುವ ಆ ಉದ್ದನೆಯ ಭಾರದ ಸಲಾಕೆ ಕಿಂಡಿಗೆ ಹತ್ತಿರದ ಕೆಲವು ಕೊಳವೆಗಳಿಗಷ್ಟೇ ನಿಲುಕುತ್ತದೆ. ಅದರಿಂದ ಮೂಲ ಅಂಕಿ ಪಡೆದು, ಉಳಿದವನ್ನು ದೂರದಿಂದ ಅಳೆದು, ಗೋಡೆಯ ಉಷ್ಣತೆಯನ್ನೂ ದಾಖಲಿಸಿ ತಿದ್ದುವುದು ಸರಿಯಾದ ಕ್ರಮ. ಕಿಂಡಿಯನ್ನು ಬಹಳ ಹೊತ್ತು ತೆರೆದಿಡುವಂತೆಯೂ ಇಲ್ಲ. ಕುಲುಮೆಯೊಳಗಿನ ಒತ್ತಡ ಹೊರಗಿಗಿಂತ ತುಸು ಕಡಿಮೆಯಾದ್ದರಿಂದ ತಣ್ಣನೆಯ ಗಾಳಿ ಒಳನುಗ್ಗಿ, ಅಳೆಯಬೇಕಾದ ಕೊಳವೆಯನ್ನೇ ತಣಿಸಿಬಿಡುತ್ತದೆ.

ಇಷ್ಟೆಲ್ಲ ಕಸರತ್ತು ಬಿಟ್ಟು ಒಟ್ಟು ಉರಿಯನ್ನೇ ತಗ್ಗಿಸಿದರಾಯಿತು ಎಂಬ ವಾದ ಮೇಲ್ನೋಟಕ್ಕೆ ವಿವೇಕದ್ದು. ಅತಿ ಬಿಸಿಯಾದ ನಾಲ್ಕು ಕೊಳವೆಗಳಿಗಾಗಿ ನೂರಾರು ಕೊಳವೆಗಳ ಉತ್ಪಾದನೆಯನ್ನು ಬಿಟ್ಟುಕೊಡುವುದು ಅದರ ಅರ್ಥ. ಹಾಗೂ ಅಲ್ಲಿ ಉಳಿಯುವುದು ಸುರಕ್ಷತೆಯಲ್ಲ, ಮುಂದೂಡಿದ ಕಾಯಿಲೆ, ಏಕೆಂದರೆ ಇಂಗಾಲ ಕಟ್ಟಿದ ಕೊಳವೆ ಕಡಿಮೆ ಉರಿಯಲ್ಲೂ ನಿಧಾನವಾಗಿ ಕೆಡುತ್ತಲೇ ಇರುತ್ತದೆ. ಲೋಹವನ್ನು ಉತ್ತಮಪಡಿಸುವ ದಾರಿ ಇನ್ನೊಂದು. 25 ಶೇಕಡ ಕ್ರೋಮಿಯಂ, 20 ಶೇಕಡ ನಿಕಲ್ ಇರುವ ಎಚ್‌ಕೆ-40 ಮಿಶ್ರಲೋಹದ ಜಾಗಕ್ಕೆ 35 ಶೇಕಡ ನಿಕಲ್ ಮತ್ತು ನಿಯೋಬಿಯಂ ಸೇರಿದ ಎಚ್‌ಪಿ ವರ್ಗ, ಅದರ ನಂತರ ಟೈಟೇನಿಯಂನಂಥ ಧಾತುಗಳ ಚಿಟಿಕೆ ಬೆರೆತ ಲೋಹಗಳು ಬಂದವು. ಹೊಸ ಲೋಹ ಕೊಟ್ಟ ಬಲವನ್ನು ಉದ್ಯಮ ಭದ್ರತೆಯಾಗಿ ಉಳಿಸಿಕೊಳ್ಳಲಿಲ್ಲ. ಗೋಡೆ ತೆಳುಮಾಡಿ, ಅದೇ ಕೊಳವೆಯಲ್ಲಿ ಹೆಚ್ಚು ವೇಗವರ್ಧಕ ತುಂಬಿ, ಉಷ್ಣತೆ ಏರಿಸಿ ಖರ್ಚುಮಾಡಿತು. ಅದು ತಪ್ಪೆಂದಲ್ಲ. ಲೋಹದ ಸುಧಾರಣೆ ಸಮ ಹಂಚಿಕೆಯ ಅಗತ್ಯವನ್ನು ಕಡಿಮೆ ಮಾಡಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಗಣಕ ಮಾದರಿಗಳ ವಿಷಯ ಇಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕುಲುಮೆಯೊಳಗಿನ ವಿಕಿರಣವನ್ನು ಕೋಶಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ವಿಧಾನಕ್ಕೆ ಎಂಐಟಿಯ ಹಾಯ್ಟ್ ಹಾಟೆಲ್ 1950ರ ದಶಕದಲ್ಲಿ ತಳಹದಿ ಹಾಕಿದರು. ಪಕ್ಕದಿಂದ ಉರಿಸುವ ರಿಫಾರ್ಮರ್‌ನ ಗಣಿತ ಮಾದರಿಯನ್ನು 1979ರಲ್ಲಿ ಕಾನ್ಪುರದ ಐಐಟಿಯ ಸಿಂಗ್ ಮತ್ತು ಸರಾಫ್ ಪ್ರಕಟಿಸಿದರು, ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ವೇಗವರ್ಧಕದ ಮೇಲಿನ ಕ್ರಿಯೆಯ ವೇಗಕ್ಕೆ ಬೆಲ್ಜಿಯಂನ ಕ್ಸು ಮತ್ತು ಫ್ರೊಮೆಂಟ್ 1989ರಲ್ಲಿ ಕೊಟ್ಟ ಸಮೀಕರಣಗಳು ಈಗ ಪಠ್ಯದ ಭಾಗ. ಈಗ ಇಡೀ ಕುಲುಮೆಯನ್ನು ಕೋಟ್ಯಂತರ ಸಣ್ಣ ಕೋಶಗಳಾಗಿ ಕತ್ತರಿಸಿ ಜ್ವಾಲೆ, ಹರಿವು, ರಾಸಾಯನಿಕ ಕ್ರಿಯೆಗಳನ್ನು ಒಟ್ಟಿಗೆ ಬಿಡಿಸಬಹುದು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಅವಕೆಂಪು ಕ್ಯಾಮೆರಾಗಳ ಚಿತ್ರದಿಂದ ಯಾವ ಕವಾಟ ಎಷ್ಟು ತಿರುವಬೇಕೆಂದು ಲೆಕ್ಕಿಸುವ ವಿಧಾನವನ್ನೂ ತೋರಿಸಿದ್ದಾರೆ. ಹೊಸ ಕುಲುಮೆಯ ಕಿಂಡಿಗಳ ಅಳತೆ, ಬರ್ನರ್‌ಗಳ ಅಂತರ ನಿರ್ಧರಿಸಲು ಇವುಗಳಿಗೆ ಸಾಟಿಯಿಲ್ಲ. ಆದರೆ ಮಾದರಿಗೆ ಗೊತ್ತಿರುವುದು ವಿನ್ಯಾಸದ ಕುಲುಮೆ. ತುದಿ ಕಟ್ಟಿಕೊಂಡ ಬರ್ನರ್, ಚಾವಣಿಯಲ್ಲಿ ಕೊಳವೆ ಹಾಯುವ ಸಂದಿನಿಂದ ಸೋರಿ ಬರುವ ಗಾಳಿ, ಒಡೆದು ಪುಡಿಯಾದ ಗುಳಿಗೆ ಇವನ್ನು ಅದಕ್ಕೆ ಹೇಳಿಕೊಡಬೇಕಾದದ್ದು ಮತ್ತೆ ಆ ನೋಟಕಿಂಡಿಯ ಅಳತೆಯೇ.

ಕಚ್ಚಾವಸ್ತು ಬದಲಾದರೆ ಸಮತೋಲವನ್ನು ಮೊದಲಿನಿಂದ ಹುಡುಕಬೇಕು. ಕರ್ನಾಟಕದಲ್ಲಿ ಇದರ ನೇರ ಉದಾಹರಣೆ ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆ. 1976ರಿಂದ ಉತ್ಪಾದನೆ ನಡೆಸಿದ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಮೋನಿಯಾಕ್ಕೆ ದಶಕಗಳ ಕಾಲ ನಾಫ್ತಾ ಬಳಸಿತು. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಿಂದಾಗಿ ನೈಸರ್ಗಿಕ ಅನಿಲಕ್ಕೆ ಬದಲಾಗುವುದು ಸಾಧ್ಯವಾಯಿತು. ಎರಡರ ರಸಾಯನ ಒಂದೇ ಅಲ್ಲ. ನಾಫ್ತಾದ ಉದ್ದನೆಯ ಅಣುಗಳು ಕೊಳವೆಯ ಮೇಲ್ಭಾಗದಲ್ಲೇ ಒಡೆಯತೊಡಗುತ್ತವೆ, ಇಂಗಾಲ ಬಿಡುವ ಚಾಳಿಯೂ ಅವಕ್ಕೆ ಹೆಚ್ಚು. ಮೀಥೇನ್ ಗಟ್ಟಿ ಅಣು, ಅದಕ್ಕೆ ಬೇಕಾದ ಹಬೆಯ ಅನುಪಾತವೂ ಕಡಿಮೆ. ಯಾವ ಮಟ್ಟದಲ್ಲಿ ಎಷ್ಟು ಶಾಖ ಖರ್ಚಾಗುತ್ತದೆ ಎಂಬ ಲೆಕ್ಕವೇ ಬದಲಾಗುವುದರಿಂದ ಇಂಥ ಪರಿವರ್ತನೆಯಲ್ಲಿ ವೇಗವರ್ಧಕ, ಇಂಧನದ ಪ್ರಮಾಣ, ಬರ್ನರ್‌ಗಳ ಹೊಂದಾಣಿಕೆ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಬೆಂಕಿಯನ್ನೇ ತೆಗೆದುಹಾಕಿದರೆ? 2019ರಲ್ಲಿ ಟಾಪ್ಸೋ ಮತ್ತು ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ವಿದ್ಯುತ್ ರಿಫಾರ್ಮರ್ ಒಂದನ್ನು ವರ್ಣಿಸಿದರು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹದ ಕೊಳವೆಗೆ ನೇರವಾಗಿ ವಿದ್ಯುತ್ ಹರಿಸುತ್ತಾರೆ, ಗೋಡೆಯೇ ಕಾಯುತ್ತದೆ, ಒಳಮೈಗೆ ತೆಳುವಾಗಿ ಬಳಿದ ವೇಗವರ್ಧಕಕ್ಕೆ ಶಾಖ ಕೂಡಲೇ ಸಿಗುತ್ತದೆ. ಜ್ವಾಲೆ ವಾಲುವುದಿಲ್ಲ, ಸುರಂಗವಿಲ್ಲ, ಮುಂಭಾಗ–ಹಿಂಭಾಗದ ಭೇದವಿಲ್ಲ. ಸಮ ಹಂಚಿಕೆಯ ಪ್ರಶ್ನೆ ಇಲ್ಲಿಗೆ ಮುಗಿಯಿತೆಂದು ಅನಿಸಬಹುದು. ಆದರೆ ಆ ಮಿಶ್ರಲೋಹದ ವಿದ್ಯುತ್ ರೋಧ ಉಷ್ಣತೆಯೊಂದಿಗೆ ಹೆಚ್ಚೇನೂ ಬದಲಾಗದು. ಕುಲುಮೆಯಲ್ಲಿ 30 ಡಿಗ್ರಿ ಹೆಚ್ಚು ಕಾದ ಕೊಳವೆಗೆ ಶಾಖ 12 ಶೇಕಡ ಕಡಿಮೆಯಾಗುತ್ತಿತ್ತು. ಇಲ್ಲಿ ಆ ತಡೆಯೂ ಇಲ್ಲ. ಲೇಪ ಕಿತ್ತುಬಂದ ಒಂದು ಚೂರು ಜಾಗದಲ್ಲಿ ಶಾಖ ಹುಟ್ಟುವುದು ಮೊದಲಿನಂತೆಯೇ ಮುಂದುವರಿಯುತ್ತದೆ, ಹೀರಿಕೊಳ್ಳುವ ರಾಸಾಯನಿಕ ಕ್ರಿಯೆ ಮಾತ್ರ ಅಲ್ಲಿರುವುದಿಲ್ಲ. ಇಂಥ ಕೊಳವೆಯಲ್ಲಿ ಬರ್ನರ್ ಹೊಂದಿಸುವ ಕೆಲಸದ ಜಾಗಕ್ಕೆ ಬರುವುದು ಲೇಪವನ್ನು ಉದ್ದಕ್ಕೂ ಒಂದೇ ದಪ್ಪದಲ್ಲಿ ಬಳಿಯುವ ಕೆಲಸ.